ರೆಕಾರ್ಡ್ ಪುಸ್ತಕದ ಚಿತ್ರ ಬಿಡಿಸಿದ್ದು ಯಾರು?

ಪದವಿ ಓದುವಾಗ ನನ್ನ ಸಸ್ಯಶಾಸ್ತ್ರದ ರೆಕಾರ್ಡ್ ಪುಸ್ತಕ ಇಡೀ ತರಗತಿಯಲ್ಲೇ ಚಂದದ್ದಾಗಿತ್ತು. ಅದರಲ್ಲಿ ನನ್ನದೆನ್ನುವ ಒಂದು ಗೆರೆಯೂ ಇರಲಿಲ್ಲ. ದೊಡ್ಡಪ್ಪನ ಮಗಳ ಕೈ ಚೆನ್ನಾಗಿತ್ತು. ಅವಳು ಚಿತ್ರ ಬಿಡಿಸಿ ಕೊಡುತ್ತಿದ್ದಳು, ಅವಳ ಪಾಲಿನ ಪಾತ್ರೆಗಳನ್ನು ನಾನು ತೊಳೆಯುತ್ತಿದ್ದೆ. ಪ್ರಾಯೋಗಿಕ ಪರೀಕ್ಷೆಯ ದಿನ ಸೂಕ್ಷ್ಮದರ್ಶಕದ ಕೆಳಗೆ ಒಂದು ಕಾಂಡದ ಅಡ್ಡಸೀಳು ಇಟ್ಟಿದ್ದರು. ಮೆಕ್ಕೆಜೋಳದ್ದೋ ಸೂರ್ಯಕಾಂತಿಯದ್ದೋ ಹೇಳಬೇಕಿತ್ತು. ಏಕದಳ ಸಸ್ಯದ ಕಾಂಡದಲ್ಲಿ ನಾಳಕೂರ್ಚಗಳು ಚದುರಿರುತ್ತವೆ, ದ್ವಿದಳದಲ್ಲಿ ಉಂಗುರದಂತೆ ಜೋಡಿಸಿರುತ್ತವೆ ಎಂಬ ವಾಕ್ಯ ನನಗೆ ಬಾಯಿಪಾಠ. ಆದರೆ ಕಣ್ಣಿಗೆ ಕಂಡದ್ದು ಬರೀ ಕೆಂಪು ಚುಕ್ಕೆಗಳು. ಚದುರಿವೆಯೋ ಸುತ್ತಿವೆಯೋ ತಿಳಿಯದೆ ಊಹಿಸಿ ಬರೆದೆ. ತಪ್ಪಾಯಿತು.

ಪ್ರತಿ ವರ್ಷ ರೆಕಾರ್ಡ್‌ಗೆ ಸಹಿ ಹಾಕಲು ಕುಳಿತಾಗ ಈ ಸಂಗತಿ ನೆನಪಾಗುತ್ತದೆ. ಯಾರ ಅಕ್ಕ ಯಾರಿಗೆ ಬಿಡಿಸಿಕೊಟ್ಟಿದ್ದಾಳೆಂದು ನನಗೆ ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡಿ.

ಚಿತ್ರ ಎಂದರೆ ಅಲಂಕಾರ, ಅದು ಡ್ರಾಯಿಂಗ್ ಮಾಸ್ಟರರ ಪೀರಿಯಡ್‌ಗೆ ಸೇರಿದ್ದು, ಎಸೆಸೆಲ್ಸಿ ಹತ್ತಿರ ಬಂದಾಗ ಬಿಟ್ಟುಬಿಡಬೇಕಾದದ್ದು ಎಂಬ ಭಾವನೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ನೋಟ್ಸಿನ ಅಂಚಿನಲ್ಲಿ ಮಗು ಏನಾದರೂ ಗೀಚಿದರೆ ಬೈಗುಳ ಸಿಗುತ್ತದೆ. ಆದರೆ ಬಿಡಿಸುವುದು ಕೈಯ ಕೆಲಸಕ್ಕಿಂತ ಹೆಚ್ಚಾಗಿ ಕಣ್ಣಿನ ಕೆಲಸ. "ಎಲೆಯಲ್ಲಿ ನರಗಳಿವೆ" ಎಂದು ಬರೆಯಲು ಎಲೆಯನ್ನು ನೋಡಬೇಕಾಗಿಲ್ಲ. ಬಿಡಿಸಲು ಹೊರಟರೆ, ನರ ಎಲ್ಲಿ ಕವಲೊಡೆಯುತ್ತದೆ, ಅಂಚನ್ನು ಮುಟ್ಟುತ್ತದೆಯೇ, ಮುಟ್ಟುವ ಮೊದಲೇ ಬಾಗುತ್ತದೆಯೇ ಎಂದು ನೋಡದೆ ಪೆನ್ಸಿಲ್ ಮುಂದೆ ಹೋಗುವುದಿಲ್ಲ.

ನೀವೆಲ್ಲ ಓದಿರುವ ಗಾಲ್ಜಿ ಕಾಯಕ್ಕೆ ಹೆಸರು ಬಂದದ್ದು ಇಟಲಿಯ ಕ್ಯಾಮಿಲೊ ಗಾಲ್ಜಿಯಿಂದ. ನರಕೋಶಗಳಿಗೆ ಕಪ್ಪು ಬಣ್ಣ ಹಿಡಿಸಿ ಕಾಣುವಂತೆ ಮಾಡುವ ವಿಧಾನವನ್ನು ಕಂಡುಹಿಡಿದವರೂ ಅವರೇ. ನರಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡ ಬಲೆ ಎಂಬುದು ಅವರ ನಂಬಿಕೆಯಾಗಿತ್ತು. ಸ್ಪೇನಿನ ಸಾಂತಿಯಾಗೊ ರಮೋನ್ ಇ ಕಹಾಲ್ ಅದೇ ವಿಧಾನವನ್ನು ಬಳಸಿದರು. ಕಹಾಲ್‌ಗೆ ಬಾಲ್ಯದಲ್ಲಿ ಕಲಾವಿದನಾಗುವ ಹುಚ್ಚು. ವೈದ್ಯನಾಗಿದ್ದ ತಂದೆ ಹಟ ಹಿಡಿದು ವೈದ್ಯಕೀಯಕ್ಕೆ ಕಳುಹಿಸಿದರು. ಪೆನ್ಸಿಲ್ ಮಾತ್ರ ಕೈ ಬಿಡಲಿಲ್ಲ. ಸ್ಲೈಡ್ ನೋಡುವುದು, ಬಿಡಿಸುವುದು, ಮತ್ತೆ ನೋಡುವುದು, ಹೀಗೆ ಸಾವಿರಾರು ಚಿತ್ರಗಳಾದವು. ಒಂದು ಕೋಶದ ಎಳೆ ಇನ್ನೊಂದರ ಹತ್ತಿರ ಬಂದು ನಿಲ್ಲುತ್ತದೆ, ಅದರೊಳಗೆ ಬೆಸೆದುಕೊಳ್ಳುವುದಿಲ್ಲ, ಪ್ರತಿ ನರಕೋಶವೂ ಬೇರೆ ಬೇರೆ ಎಂದು ಅವರು ಹೇಳಿದರು. 1906ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಇಬ್ಬರಿಗೂ ಹಂಚಿದರು. ಕಾಲ ಎತ್ತಿಹಿಡಿದದ್ದು ಕಹಾಲ್‌ರ ಮಾತನ್ನು.

ಇದು ವಿಜ್ಞಾನಿಗಳ ಮಾತಾಯಿತು. ಮನೆಯ ಮಾತಿಗೆ ಬರುತ್ತೇನೆ. ಆರನೇ ತರಗತಿಯಲ್ಲಿರುವ ನನ್ನ ಮಗಳಿಗೆ ಒಂದು ಸಂಜೆ, ಪುಸ್ತಕ ಮುಚ್ಚಿಟ್ಟು ಕರ್ನಾಟಕದ ನದಿಗಳನ್ನು ಬಿಡಿಸು ಎಂದೆ. ರಾಜ್ಯದ ನಕ್ಷೆ ಮಸಾಲೆದೋಸೆಯಂತಾಯಿತು, ಅದಿರಲಿ. ನೇತ್ರಾವತಿಯನ್ನು ಸರಿಯಾಗಿ ಅರಬ್ಬೀ ಸಮುದ್ರಕ್ಕೆ ಸೇರಿಸಿದಳು. ಕಾವೇರಿಯನ್ನೂ ಅಲ್ಲಿಗೇ ಸೇರಿಸಿದಳು! "ಕಾವೇರಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ" ಎಂದು ಹಿಂದಿನ ವಾರವಷ್ಟೇ ಪರೀಕ್ಷೆಯಲ್ಲಿ ಬರೆದು ಅಂಕ ತಂದವಳು ಅವಳು. ಪುಸ್ತಕ ತೆರೆದು ತಪ್ಪನ್ನು ಕಂಡಾಗ ಕೇಳಿದಳು: "ಉಮ್ಮಾ, ತಲಕಾವೇರಿಯಿಂದ ಇಷ್ಟು ಹತ್ತಿರ ಸಮುದ್ರ ಇರುವಾಗ ಅದು ಅಷ್ಟು ದೂರ ಯಾಕೆ ಹೋಗುತ್ತದೆ?" ವಾಕ್ಯ ಬರೆದಾಗ ಈ ಪ್ರಶ್ನೆ ಹುಟ್ಟಿರಲಿಲ್ಲ. ಪಶ್ಚಿಮ ಘಟ್ಟವನ್ನು ದಪ್ಪ ಗೆರೆಯಲ್ಲಿ ಎಳೆಯಲು ಹೇಳಿದೆ. ಗೆರೆಯ ಈಚೆಗೆ ಬಿದ್ದ ನೀರು ಕಡಿದಾಗಿ ನಮ್ಮ ಕಡೆಗೆ ಇಳಿಯುತ್ತದೆ, ಆಚೆಗೆ ಬಿದ್ದದ್ದು ಪೂರ್ವಕ್ಕೆ ವಾಲಿದ ಪ್ರಸ್ಥಭೂಮಿಯ ಮೇಲೆ ಸಾಗುತ್ತದೆ. ಅವಳೇ ಬಾಣದ ಗುರುತು ಹಾಕಿದಳು.

ಗಣಿತದಲ್ಲೂ ಅಷ್ಟೇ. ರಶೀದನ ಬಳಿ ಇರುವುದರ ಮೂರು ಪಟ್ಟು ಹಣ ಸಲೀಮನ ಬಳಿ ಇದೆ, ಇಬ್ಬರದೂ ಸೇರಿ 240 ರೂಪಾಯಿ ಎಂಬ ಲೆಕ್ಕ ಕೊಟ್ಟರೆ, ಎಷ್ಟೋ ಮಕ್ಕಳು 240ನ್ನು 3ರಿಂದ ಭಾಗಿಸಿಬಿಡುತ್ತಾರೆ. ರಶೀದನಿಗೆ ಒಂದು ಚೌಕ, ಸಲೀಮನಿಗೆ ಅಂಥದ್ದೇ ಮೂರು ಚೌಕ ಬಿಡಿಸಿ ಎನ್ನಿ. ಒಟ್ಟು ನಾಲ್ಕು ಚೌಕ ಕಾಣುತ್ತದೆ. ಒಂದಕ್ಕೆ 60, ಸಲೀಮನಿಗೆ 180. ಸಿಂಗಾಪುರದ ಪ್ರಾಥಮಿಕ ಶಾಲೆಗಳಲ್ಲಿ 1980ರ ದಶಕದಿಂದ ಹೀಗೆ ಪಟ್ಟಿ ಬಿಡಿಸಿಯೇ ಇಂಥ ಲೆಕ್ಕ ಕಲಿಸುತ್ತಾರೆ. ಭೌತಶಾಸ್ತ್ರದ ಬಲಗಳ ಬಾಣಗಳ ಬಗ್ಗೆ ನಾನು ಹೇಳಬೇಕಿಲ್ಲ, ಆ ವಿಭಾಗದವರು ದಿನವೂ ಹೇಳುತ್ತಿದ್ದಾರೆ.

ನನಗೆ ಚಿತ್ರ ಬರುವುದಿಲ್ಲ ಮೇಡಂ, ಎನ್ನುವವರಿಗೆ ಒಂದು ಮಾತು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ವಿದ್ಯಾರ್ಥಿಗಳಿಗೆ ಸರಳ ಪದಗಳನ್ನು ತೋರಿಸಿದರು. ಕೆಲವನ್ನು ಚಿತ್ರವಾಗಿ ಬಿಡಿಸಬೇಕು, ಉಳಿದವನ್ನು ಮತ್ತೆ ಮತ್ತೆ ಬರೆಯಬೇಕು. ಒಂದೊಂದು ಪದಕ್ಕೆ 40 ಸೆಕೆಂಡು. ಕೊನೆಗೆ ನೆನಪಿನಲ್ಲಿ ಹೆಚ್ಚು ಉಳಿದದ್ದು ಬಿಡಿಸಿದ ಪದಗಳು. ಸಮಯವನ್ನು 4 ಸೆಕೆಂಡಿಗೆ ಇಳಿಸಿದಾಗಲೂ ಹಾಗೆಯೇ ಆಯಿತು. ನಾಲ್ಕು ಸೆಕೆಂಡಿನಲ್ಲಿ ಯಾರ ಚಿತ್ರ ಚಂದ ಬಂದೀತು? ನಾನು ಬಿಡಿಸಿದ ಬೆಕ್ಕನ್ನು ಮನೆಯಲ್ಲಿ ಇಂದಿಗೂ ಆಡು ಎನ್ನುತ್ತಾರೆ.

ಆದರೆ ಗೈಡಿನ ಚಿತ್ರವನ್ನು ನೋಡಿ ನೋಡಿ ನಕಲು ಮಾಡುವುದರಿಂದ ಈ ಲಾಭ ಅಷ್ಟಾಗಿ ಸಿಗದು. ಬಣ್ಣ ತುಂಬುತ್ತಾ ಅರ್ಧ ಗಂಟೆ ಕಳೆಯುವುದರಿಂದಲೂ ಇಲ್ಲ. ಹೃದಯದ ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನಾಲ್ಕು ಕೋಣೆ ಬಿಡಿಸಿ. ಶ್ವಾಸಕೋಶದಿಂದ ಬರುವ ರಕ್ತ ಯಾವ ಕೋಣೆಗೆ ಇಳಿಯುತ್ತದೆ ಎನ್ನುವಲ್ಲಿ ಕೈ ನಿಂತರೆ, ನಿಮಗೆ ಗೊತ್ತಿಲ್ಲದ್ದು ಅದೇ. ಪುಸ್ತಕ ತೆರೆದು ಕೆಂಪು ಪೆನ್ನಿನಲ್ಲಿ ತಿದ್ದಿ. ತಿದ್ದಿದ ಹಾಳೆಯನ್ನು ಎಸೆಯಬೇಡಿ, ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಪಾಠಕ್ಕಿಂತ ಆ ಕೆಂಪು ಗುರುತುಗಳನ್ನು ನೋಡುವುದೇ ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ತಮ್ಮ ತಂಗಿಯರಿಗೆ ಪಾಠ ಹೇಳಿಕೊಡುವವರೂ ಇದನ್ನು ಮಾಡಿ ನೋಡಬಹುದು. ಅವರ ಕಾವೇರಿ ಯಾವ ಕಡೆ ಹರಿಯುತ್ತಿದೆ ಎಂದು ತಿಳಿಯುತ್ತದೆ.

ಈ ವರ್ಷದ ರೆಕಾರ್ಡ್‌ನಲ್ಲಿ ಸೊಟ್ಟ ಗೆರೆಗೆ ನಾನು ಅಂಕ ಕಳೆಯುವುದಿಲ್ಲ. ಸ್ಲೈಡಿನಲ್ಲಿ ಇಲ್ಲದ್ದನ್ನು ಬಿಡಿಸಿದರೆ ಮಾತ್ರ ಕೇಳುತ್ತೇನೆ. ಪ್ರಯೋಗಾಲಯದಲ್ಲಿ ಮೆಕ್ಕೆಜೋಳ ಮತ್ತು ಸೂರ್ಯಕಾಂತಿ ಎರಡರ ಸ್ಲೈಡನ್ನೂ ಹೆಸರು ಬರೆಯದೆ ಇಟ್ಟಿದ್ದೇನೆ. ಪೆನ್ಸಿಲ್ ತನ್ನಿ.