ಬೆಟ್ಟದ ಹೊಟ್ಟೆಯಲ್ಲೊಬ್ಬ ಮಾವ

ಕೂಸಿಗೆ ಹಾಲು ಹಾಕುವ ಬೆಳ್ಳಿಯ ಒಳಲೆ ನಮ್ಮ ಮನೆಯಲ್ಲೊಂದಿದೆ. ಮೂತಿ ತುಸು ನೆಗ್ಗಿದೆ. ಒಳಲೆಯಾಗುವ ಮೊದಲು ಅದು ಅಜ್ಜಿಯ ಕಾಲುಕಡಗವಾಗಿತ್ತಂತೆ. ಅದಕ್ಕೂ ಹಿಂದೆ ರಾಣಿ ಛಾಪಿನ ರೂಪಾಯಿ ಆಗಿದ್ದಿರಬಹುದು. ಬೆಳ್ಳಿಯ ಜಾಯಮಾನವೇ ಹಾಗೆ. ಒಮ್ಮೆ ಮೂಸೆಗೆ ಬಿದ್ದರೆ ಹಿಂದಿನ ಜನ್ಮದ ಗುರುತು ಉಳಿಯುವುದಿಲ್ಲ. ಚಿನ್ನಕ್ಕಾದರೆ ನಮ್ಮಲ್ಲಿ ಕೋಲಾರ, ಹಟ್ಟಿ ಇದ್ದವು. ಬೆಳ್ಳಿ ಮಾತ್ರ ಬಹುಪಾಲು ಹಡಗೇರಿಯೇ ಬಂದದ್ದು. 16 ಮತ್ತು 17ನೇ ಶತಮಾನದಲ್ಲಿ ಜಗತ್ತಿನ ಹಡಗುಗಳು ಹೊತ್ತ ಬೆಳ್ಳಿಯಲ್ಲಿ ದೊಡ್ಡ ಪಾಲು ಹುಟ್ಟಿದ್ದು ಒಂದೇ ಒಂದು ಬೆಟ್ಟದಲ್ಲಿ. ಅದಿರುವುದು ಇಂದಿನ ಬೊಲಿವಿಯಾದ ಪೊಟೋಸಿಯಲ್ಲಿ.

ಊರೇ ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದಲ್ಲಿದೆ. ಅದರ ಬೆನ್ನಿಗೆ ಕೆಮ್ಮಣ್ಣಿನ ಬಣ್ಣದ, ಸುರಿದ ರಾಗಿರಾಶಿಯಂತೆ ಚೂಪಾಗಿ ನಿಂತ ಬೆಟ್ಟ. ಸ್ಥಳೀಯ ಕೆಚುವಾ ಭಾಷೆಯಲ್ಲಿ ಅದು ‘ಸುಮಾಕ್ ಉರ್ಕು’, ಅಂದರೆ ಚೆಂದದ ಬೆಟ್ಟ. ಸ್ಪೇನಿನವರು ಬಂದು ‘ಸೆರ್ರೋ ರಿಕೋ’ ಎಂದರು, ಸಿರಿವಂತ ಬೆಟ್ಟ. ಹೆಸರು ಬದಲಾದದ್ದರಲ್ಲೇ ಅರ್ಧ ಕಥೆ ಮುಗಿಯಿತು.

1545ರಲ್ಲಿ ದಿಯೆಗೋ ವಾಲ್ಪಾ ಎಂಬ ಸ್ಥಳೀಯ ಬೆಟ್ಟ ಹತ್ತುವಾಗ ಆಸರೆಗೆಂದು ಹುಲ್ಲಿನ ಬುಡ ಹಿಡಿದ, ಅದು ಕಿತ್ತು ಬಂದಾಗ ಬೇರಿನಡಿ ಬೆಳ್ಳಿ ಹೊಳೆಯಿತು ಎನ್ನುತ್ತಾರೆ. ಇರಲಿ. ಎಲ್ಲ ಗಣಿಗೂ ಇಂಥದ್ದೊಂದು ಕಥೆ ಇದ್ದೇ ಇರುತ್ತದೆ. ನನಗೆ ಅದಕ್ಕಿಂತ ಕುತೂಹಲ ಮೂಡಿಸುವುದು ಮೊದಲ ದಿನಗಳ ಒಲೆಗಳು. ‘ವೈರಾ’ ಎಂದು ಅವುಗಳ ಹೆಸರು, ಹಾಗೆಂದರೆ ಗಾಳಿ. ಮೈತುಂಬ ತೂತುಗಳಿದ್ದ ಪುಟ್ಟ ಮಣ್ಣಿನ ಕುಲುಮೆಗಳು. ಗಾಳಿ ಬೀಸುವ ದಿಬ್ಬದ ಮೇಲಿಟ್ಟು, ಲಾಮಾ ಪ್ರಾಣಿಯ ಹಿಕ್ಕೆ, ಒಣಹುಲ್ಲು ಉರಿಸಿ ಅದಿರು ಕರಗಿಸುತ್ತಿದ್ದರು. ತಿದಿ ಒತ್ತುವ ಕೆಲಸ ಗಾಳಿಯದೇ. ರಾತ್ರಿ ಹೊತ್ತು ಬೆಟ್ಟದ ಮೈತುಂಬ ಅವು ಉರಿಯುತ್ತಿದ್ದರೆ ಕಾರ್ತಿಕದ ದೀಪೋತ್ಸವದಂತೆ ಕಂಡಿರಬೇಕು. ಈ ವಿದ್ಯೆ ಆಂಡೀಸಿನ ಜನರದು. ಸ್ಪೇನಿನ ಯಜಮಾನರು ಇಪ್ಪತ್ತೈದು ವರ್ಷ ಅವರ ಕೈ ಕಾಯಬೇಕಾಯಿತು.

ಮೇಲುಮೇಲಿನ ಒಳ್ಳೆಯ ಅದಿರು ತೀರಿದಾಗ ಒಲೆಗಳು ಸೋತವು. ಪೊಟೋಸಿ ಪೊಟೋಸಿಯಾದದ್ದು ಬೆಳ್ಳಿ ಸಿಕ್ಕ ವರ್ಷವಲ್ಲ, 1572ರ ಸುಮಾರಿಗೆ. ವೈಸರಾಯ್ ಫ್ರಾನ್ಸಿಸ್ಕೋ ದೆ ತೊಲೆದೋ ಆಗ ಎರಡನ್ನು ತಂದ: ಪಾದರಸ ಮತ್ತು ಬಿಟ್ಟಿ.

ಮೆಕ್ಸಿಕೋದಲ್ಲಿ 1550ರ ದಶಕದಲ್ಲಿ ಬಾರ್ತೊಲೊಮೆ ದೆ ಮೆದಿನಾ ಬಳಕೆಗೆ ತಂದಿದ್ದ ವಿಧಾನ ಪಾದರಸದ್ದು. ಅದಿರನ್ನು ಹಿಟ್ಟಿನಂತೆ ಕುಟ್ಟಿ, ನೀರು, ಉಪ್ಪು, ಪಾದರಸ ಬೆರೆಸಿ, ಕೆಸರು ಕಲಸಿದಂತೆ ತುಳಿಯುವುದು. ವಾರಗಟ್ಟಲೆ ತುಳಿದ ಮೇಲೆ ಪಾದರಸ ಬೆಳ್ಳಿಯನ್ನೆಲ್ಲ ನುಂಗಿಕೊಳ್ಳುತ್ತದೆ. ಮಣ್ಣು ತೊಳೆದು, ಉಳಿದ ಮುದ್ದೆಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿ, ಕಾಯಿಸಿದರೆ ರಸ ಆವಿಯಾಗಿ ಹೋಗಿ, ಜೇನುಗೂಡಿನಂತೆ ತೂತುಬಿದ್ದ ಬೆಳ್ಳಿಗಟ್ಟಿ ಉಳಿಯುತ್ತದೆ. ದೇವಸ್ಥಾನದ ತಾಮ್ರದ ಕಲಶಕ್ಕೆ ಚಿನ್ನದ ನೀರು ಕೊಡುವಾಗ ನಮ್ಮ ಹಳೆಯ ಕುಶಲಕರ್ಮಿಗಳು ನಂಬಿದ್ದೂ ಇದೇ ರಸದ ಗುಣವನ್ನು. ಅದರ ಹೊಗೆ ಕುಡಿದವರ ಕೈಕಾಲು ನಡುಗುತ್ತದೆ. ಪಾದರಸ ಬರುತ್ತಿದ್ದ ಪೆರುವಿನ ವಾಂಕಾವೆಲಿಕಾ ಗಣಿಗೆ ಜನ ಬೆಟ್ಟಕ್ಕಿಂತ ಹೆಚ್ಚು ಹೆದರುತ್ತಿದ್ದರು.

ಅದಿರು ಕುಟ್ಟಲು ನೀರಿನ ಗಿರಣಿಗಳು, ಗಿರಣಿಗೆ ನೀರು ಬೇಕೆಂದು ಮೇಲಿನ ಗುಡ್ಡಗಳಲ್ಲಿ ಸಾಲುಸಾಲು ಕೆರೆಗಳು. 1626ರ ಮಾರ್ಚಿನಲ್ಲಿ ಅದರಲ್ಲೊಂದು ಕೆರೆಯ ಏರಿ ಒಡೆದು ಗಿರಣಿಗಳೂ ಜನರೂ ಕೊಚ್ಚಿಹೋದರು.

ಇನ್ನು ಬಿಟ್ಟಿಯ ಮಾತು. ‘ಮಿತಾ’ ಎಂದರೆ ಸರದಿ. ಇಂಕಾ ಅರಸರ ಕಾಲದಿಂದ ಇದ್ದ ಪದ್ಧತಿ. ತೊಲೆದೋ ಅದನ್ನೇ ಗಣಿಗೆ ತಿರುಗಿಸಿದ. 16 ಪ್ರಾಂತ್ಯಗಳಿಂದ ವರ್ಷಕ್ಕೆ ಸುಮಾರು 13,500 ಗಂಡಸರು, ಏಳು ಜನಕ್ಕೊಬ್ಬರಂತೆ, ಬೆಟ್ಟಕ್ಕೆ ಬರಬೇಕು. ಕೂಲಿ ಇತ್ತು, ಹೊಟ್ಟೆಗೆ ಸಾಲದಷ್ಟು. ಹೆಂಡತಿ ಮಕ್ಕಳನ್ನೂ ಲಾಮಾಗಳನ್ನೂ ಕಟ್ಟಿಕೊಂಡು ವಾರಗಟ್ಟಲೆ ನಡೆದು ಬರುತ್ತಿದ್ದರು. ಹಸುವಿನ ತೊಗಲು ಹೊಸೆದ ಏಣಿಯಲ್ಲಿ, ಬೆನ್ನಿಗೆ ಅದಿರಿನ ಗಂಟು ಕಟ್ಟಿ, ಹೆಬ್ಬೆರಳಿಗೆ ಮೇಣದಬತ್ತಿ ಬಿಗಿದುಕೊಂಡು ಕತ್ತಲಿಂದ ಮೇಲೇರುತ್ತಿದ್ದ ಆಳುಗಳನ್ನು ಜೆಸ್ವಿಟ್ ಪಾದ್ರಿ ಹೊಸೆ ದೆ ಅಕೋಸ್ತಾ ತನ್ನ 1590ರ ಪುಸ್ತಕದಲ್ಲಿ ಬಣ್ಣಿಸಿದ್ದಾನೆ. ಇಲ್ಲಿ 80 ಲಕ್ಷ ಮಂದಿ ಸತ್ತರೆಂಬ ಮಾತು ಬಹಳ ಓಡಾಡುತ್ತದೆ. ಇತಿಹಾಸಕಾರರು ಒಪ್ಪುವುದಿಲ್ಲ. ಅಷ್ಟು ದೊಡ್ಡ ಸಂಖ್ಯೆ ಬೇಕಾಗಿಯೂ ಇಲ್ಲ. ಆ ಹೆಬ್ಬೆರಳಿನ ಬತ್ತಿ ಸಾಕು. ಮಿತಾ ರದ್ದಾದದ್ದು 1812ರಲ್ಲಿ.

ಬೆಳ್ಳಿ ನಾಣ್ಯವಾಗುತ್ತಿದ್ದುದೂ ಅಲ್ಲೇ. ಟಂಕಸಾಲೆಯಲ್ಲಿ ಬಡಿದು, ಅಂಚು ಕತ್ತರಿಸಿ, ಸುಮಾರು 27 ಗ್ರಾಂ ತೂಕಕ್ಕೆ ತಂದ ಎಂಟು ರಿಯಾಲಿನ ನಾಣ್ಯ ಅರ್ಧ ಭೂಮಿಯಲ್ಲಿ ಚಲಾವಣೆಯಾಯಿತು. 1640ರ ದಶಕದಲ್ಲಿ ಟಂಕಸಾಲೆಯ ಒಳಗಿನವರೇ ತಾಮ್ರ ಬೆರೆಸಿದ್ದು ಬಯಲಾಗಿ, ಆ ನಾಣ್ಯವನ್ನು ಜಗತ್ತಿನ ವರ್ತಕರು ಮುಟ್ಟದಂತಾಯಿತು. ತಪ್ಪಿತಸ್ಥರಿಗೆ ಮರಣದಂಡನೆಯೂ ಆಯಿತು. ಈಗ ನೋಡಲು ಸಿಗುವ ಕೋಟೆಯಂಥ ಟಂಕಸಾಲೆ ಮುಗಿದದ್ದು 1773ರಲ್ಲಿ. ಇಂದು ಅದು ವಸ್ತುಸಂಗ್ರಹಾಲಯ. ಮೇಲಂತಸ್ತಿನಲ್ಲಿ ಬೆಳ್ಳಿ ತಗಡು ಒತ್ತುವ ಮರದ ದೈತ್ಯ ಚಕ್ರಗಳು, ಕೆಳಗೆ ಗಾಣದೆತ್ತಿನಂತೆ ಅವನ್ನು ತಿರುಗಿಸುತ್ತಿದ್ದ ಹೇಸರಗತ್ತೆಗಳ ಜಾಗ. ಬೊಲಿವಿಯಾ ತನ್ನ ನಾಣ್ಯಗಳನ್ನು ಈಗ ಹೊರದೇಶಗಳಲ್ಲಿ ಟಂಕಿಸಿ ತರಿಸಿಕೊಳ್ಳುತ್ತದೆ.

ರಿಯಾಲುಗಳು ಸೆವಿಲ್ಲಿಗೆ ಹೋದವು, ಮನಿಲಾ ಹಡಗುಗಳಲ್ಲಿ ಚೀನಾಕ್ಕೂ ಹೋದವು. ಸೂರತ್ತಿಗೆ ಬಂದವುಗಳು ಮೊಘಲ್ ಟಂಕಸಾಲೆಯಲ್ಲಿ ಕರಗಿ ರೂಪಾಯಿಯಾದವು. ನಮ್ಮ ಕಡೆ ಆಗ ಚಿನ್ನದ ವರಾಹ, ಹಣಗಳದೇ ಕಾರುಬಾರು. ಆದರೂ ವಿಜಯಪುರದ ಆದಿಲ್‌ಶಾಹಿಗಳು ಬೆಳ್ಳಿ ತಂತಿಯನ್ನು ಹೇರ್‌ಪಿನ್ನಿನಂತೆ ಮಡಚಿ, ಮುದ್ರೆಯೊತ್ತಿ ‘ಲಾರಿನ್’ ಎಂಬ ನಾಣ್ಯ ಹೊರಡಿಸಿದ್ದರು. ಆ ತಂತಿಯಲ್ಲಿ ಯಾವ ಬೆಟ್ಟದ ಬೆಳ್ಳಿ ಇತ್ತೆಂದು ಕೇಳಿದರೆ ಬೆಳ್ಳಿ ಬಾಯಿ ಬಿಡುವುದಿಲ್ಲ.

ಬೆಟ್ಟ ಇನ್ನೂ ಖಾಲಿಯಾಗಿಲ್ಲ. ಸಹಕಾರ ಸಂಘಗಳ ಕಾರ್ಮಿಕರು ತವರ, ಸತು, ಅಳಿದುಳಿದ ಬೆಳ್ಳಿಗಾಗಿ ಇಂದಿಗೂ ಸುರಂಗಕ್ಕಿಳಿಯುತ್ತಾರೆ. ಕೊರೆದೂ ಕೊರೆದೂ ನೆತ್ತಿ ಕುಸಿಯತೊಡಗಿದೆ. ಯುನೆಸ್ಕೊ 2014ರಲ್ಲಿ ಇದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಧೂಳಿನಿಂದ ಶ್ವಾಸಕೋಶ ಕಲ್ಲಾಗುವ ಸಿಲಿಕೋಸಿಸ್ ಅಲ್ಲಿ ಮನೆಮನೆಯ ಕಾಯಿಲೆ. ಗುಡ್ಡೆ ಬಿದ್ದ ಕಲ್ಲುಗಳಲ್ಲಿ ಅದಿರು ಆಯುವ ಹೆಂಗಸರಿಗೆ ‘ಪಲ್ಯಿರಿ’ ಎನ್ನುತ್ತಾರೆ.

ಇಳಿಯುವ ಮುನ್ನ ಕೋಕಾ ಎಲೆಯನ್ನು ದವಡೆಗೆ ಒತ್ತಿಕೊಳ್ಳುತ್ತಾರೆ. ನಮ್ಮ ಕವಳಕ್ಕೆ ಸುಣ್ಣವಿದ್ದಂತೆ ಅದಕ್ಕೆ ಚಿಟಿಕೆ ಬೂದಿಯುಂಡೆ. ಹಸಿವು, ದಣಿವು ತಿಳಿಯುವುದಿಲ್ಲ. ಸುರಂಗದ ಒಳಗೊಂದು ತಿರುವಿನಲ್ಲಿ ಮಣ್ಣಿನ ಮೂರ್ತಿ ಕೂತಿರುತ್ತದೆ: ತಲೆಯಲ್ಲಿ ಕೊಂಬು, ಕೊರಳಲ್ಲಿ ಬಣ್ಣದ ಕಾಗದದ ಮಾಲೆ. ಹೆಸರು ‘ತಿಯೋ’, ಮಾವ. ಮೇಲೆ ಏಸು, ಮೇರಿಯರ ರಾಜ್ಯ. ಕೆಳಗೆ ಅದಿರಿನ ಒಡೆಯ ಇವನೇ. ಶುಕ್ರವಾರ ಎಲ್ಲರೂ ಅವನ ಸುತ್ತ ಕೂರುತ್ತಾರೆ. ಪಾದಕ್ಕೆ ಕೋಕಾ ಎಲೆ, ನೆಲಕ್ಕೆ ಒಂದಿಷ್ಟು ಸಾರಾಯಿ. ಆಮೇಲೆ ಒಬ್ಬ ಸಿಗರೇಟು ಹಚ್ಚಿ ಮಾವನ ಬಾಯಿಗಿಡುತ್ತಾನೆ.