ಬೇಲೂರಿಗೂ ಮೊದಲು ಅಣ್ಣಿಗೇರಿ

ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ನಾಡು ಸಂಭ್ರಮಿಸಿತು. ಆ ಕುಸುರಿಗೆ ಒದಗಿದ ಬಳಪದ ಕಲ್ಲಿನ ಕಥೆ ಶುರುವಾದದ್ದು ಮಾತ್ರ ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ, ಅಣ್ಣಿಗೇರಿಯ ಅಮೃತೇಶ್ವರನ ಗುಡಿಯಲ್ಲಿ.

ಬಾದಾಮಿ ಚಾಲುಕ್ಯರ ಶಿಲ್ಪಿಗಳಿಗೆ ದಕ್ಕಿದ್ದು ಮಲಪ್ರಭೆ ಸೀಮೆಯ ಮರಳುಗಲ್ಲು. ಐಹೊಳೆ, ಪಟ್ಟದಕಲ್ಲಿನ ಗುಡಿಗಳ ಗಾಂಭೀರ್ಯದಲ್ಲಿ ಆ ಕಲ್ಲಿನ ಪಾಲೂ ಇದೆ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಗುಡಿ ಕಟ್ಟುವ ಕೆಲಸ ತುಂಗಭದ್ರೆಯ ಕಡೆಗೆ ಸರಿಯಿತು, ಕಲ್ಲೂ ಬದಲಾಯಿತು. ಸುಮಾರು 1050ರಲ್ಲಿ ಎದ್ದ ಅಮೃತೇಶ್ವರ ಗುಡಿಯನ್ನೇ ಈ ಹೊಸ ಕಲ್ಲಿನ ಮೊದಲ ಕಟ್ಟಡವೆಂದು ವಾಸ್ತು ಇತಿಹಾಸಕಾರರು ಎಣಿಸುತ್ತಾರೆ. ಒಳಗೆ 76 ಕಂಬಗಳು.

ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಂತೆ ಗಟ್ಟಿ. ಉಳಿ ಹೇಳಿದ ಮಾತು ಕೇಳುತ್ತದೆ. ಮರಳುಗಲ್ಲಿನಂಥ ಭಾರೀ ಬಂಡೆಗಳು ಸಿಗದ ಕಾರಣ ಗೋಡೆಯ ಅಂಗಗಳೆಲ್ಲ ಕಿರಿದಾದವು. ಆ ಕಿರಿದರಲ್ಲೇ ಕೆತ್ತನೆ ಒತ್ತೊತ್ತಾಗಿ ತುಂಬಿಕೊಂಡಿತು. ಕನ್ನಡಿಯಂತೆ ಹೊಳೆಯುವ ತಿರುಗಣಿ ಕಂಬಗಳು ಬಂದವು. 1112ರಲ್ಲಿ ಇಟಗಿಯ ಮಹಾದೇವ ದೇವಾಲಯ ಏಳುವ ಹೊತ್ತಿಗೆ ಕೈ ಪೂರ್ತಿ ಪಳಗಿತ್ತು. ಐದೇ ವರ್ಷಕ್ಕೆ, 1117ರಲ್ಲಿ, ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ!

ಅಥೆನ್ಸಿನಲ್ಲೂ ಕಲ್ಲು ಬದಲಾಗಿಯೇ ಕಲೆ ಬದಲಾಯಿತು. ಅಲ್ಲಿನ ಹಳೆಯ ಗುಡಿಗಳು ಹೆಚ್ಚಾಗಿ ಸುಣ್ಣಕಲ್ಲಿನವು, ಕ್ರಿ.ಪೂ. 447ರಲ್ಲಿ ಶುರುವಾದ ಪಾರ್ಥೆನಾನ್ ಪೆಂಟೆಲಿ ಬೆಟ್ಟದ ಅಮೃತಶಿಲೆಯದು. ಇಂದು ಬ್ಯಾಂಕು, ಕೋರ್ಟುಗಳ ಎದುರಿನ ಕಂಬಸಾಲಿನಲ್ಲಿ ಅದರ ನೆರಳಿದೆ. ಪರಂಪರೆಯ ಪಟ್ಟಿ ಬರೆಯುವ ಯುನೆಸ್ಕೊದ ಲಾಂಛನವೂ ಗ್ರೀಕ್ ಗುಡಿಯೇ. ಆದರೆ ಪಾರ್ಥೆನಾನಿನಲ್ಲಿ ಅಥೀನಾ ದೇವಿಗೆ ಈಗ ದೀಪ ಹಚ್ಚುವವರಿಲ್ಲ. ಅಮೃತೇಶ್ವರನಿಗೆ ಇಂದಿಗೂ ಪೂಜೆ ನಡೆಯುತ್ತಿದೆ.

ಅಣ್ಣಿಗೇರಿಯ ಹೆಸರಿಗೇನೂ ಬರವಿಲ್ಲ. ಓದಿದವರಿಗೆ ಅದು ಆದಿಕವಿ ಪಂಪನ ಊರು. ಚಾಲುಕ್ಯರ ಕೊನೆಯ ದೊರೆ ನಾಲ್ಕನೆಯ ಸೋಮೇಶ್ವರನಿಗೆ ರಾಜಧಾನಿ. ರೈತರನ್ನು ಕೇಳಿ ನೋಡಿ, ಅಣ್ಣಿಗೇರಿ-1 ಅಂದರೆ ಕಡಲೆ ತಳಿ ಅನ್ನುತ್ತಾರೆ! ಈ ಗುಡಿಯ ಮಾತು ಮಾತ್ರ ಕೊನೆಗೆ. ನನ್ನ ಮಟ್ಟಿಗೆ ಇದು ಅನ್ಯಾಯ.

ಹುಬ್ಬಳ್ಳಿಯಿಂದ ಗದಗಿನ ದಾರಿ ಹಿಡಿದವರು ನೇರ ಲಕ್ಕುಂಡಿಗೆ ಹೋಗಬೇಡಿ. ಮೊದಲು ಅಣ್ಣಿಗೇರಿಯಲ್ಲಿ ಇಳಿಯಿರಿ, ಆಮೇಲೆ ಲಕ್ಕುಂಡಿಯ ಕಾಶಿವಿಶ್ವೇಶ್ವರ, ಕೊನೆಗೆ ಇಟಗಿ. ಬೇಲೂರನ್ನು ಇವನ್ನೆಲ್ಲ ಕಂಡ ಮೇಲೆ ನೋಡಿ.