ಮರುಪರೀಕ್ಷೆಯಲ್ಲಿ ಅಂಕ ಏರಿದರೆ ಬುದ್ಧಿಯೂ ಏರಿದಂತೆಯೇ?

ಮಾದನಾಯಕನಹಳ್ಳಿ: ಪೀಣ್ಯದ ಕಾರ್ಖಾನೆಗಳಲ್ಲಿ ಕೆಲಸ ಅರಸುವ ಇಲ್ಲಿನ ಯುವಕನೊಬ್ಬನನ್ನು ಊಹಿಸಿಕೊಳ್ಳೋಣ. ಮೇಲ್ವಿಚಾರಕ ಹುದ್ದೆಯ ತಾರ್ಕಿಕ ಸಾಮರ್ಥ್ಯ ಪರೀಕ್ಷೆಯಲ್ಲಿ ಆತ ಗಳಿಸಿದ್ದು 92 ಅಂಕ. ಅರ್ಹತೆಗೆ ಬೇಕಿದ್ದುದು 95. ಆರು ತಿಂಗಳ ಬಳಿಕ ಮತ್ತೆ ಬರೆದಾಗ ದೊರೆತದ್ದು 100. ಈ ಅವಧಿಯಲ್ಲಿ ಆತನ ತರ್ಕಶಕ್ತಿ ಬೆಳೆಯಿತೆ?

ಸಂಖ್ಯಾಶಾಸ್ತ್ರ ಹಾಗೆ ತೀರ್ಮಾನಿಸಲು ಅವಸರಪಡುವುದಿಲ್ಲ. ಅದರ ಮಾದರಿಯಲ್ಲಿ ಪ್ರತಿ ಅಂಕವೂ ಮೂರು ಅಂಶಗಳ ಮೊತ್ತ: ವ್ಯಕ್ತಿಯ ನಿಜ ಸಾಮರ್ಥ್ಯ, ಹಿಂದಿನ ಪರೀಕ್ಷೆಯಿಂದ ಬಂದ ರೂಢಿ ಹಾಗೂ ಆ ದಿನದ ಆಕಸ್ಮಿಕ ಏರಿಳಿತ.

ರೂಢಿಯ ಲಾಭ ಅಲ್ಪವೇನಲ್ಲ. ಅಮೆರಿಕದ ಜಾನ್ ಹಾಸ್‌ನೆಕ್ಟ್ ಮತ್ತು ಸಹಸಂಶೋಧಕರು 50 ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಮರುಪರೀಕ್ಷೆಯಲ್ಲಿ ಅಂಕ ಸರಾಸರಿ ಕಾಲು ಮಾನಕ ವಿಚಲನೆಯಷ್ಟು ಏರುತ್ತದೆ. ಮಾನಕ ವಿಚಲನೆ 15 ಇರುವ ಪರೀಕ್ಷೆಯಲ್ಲಿ ಇದು ಸುಮಾರು 4 ಅಂಕ. ಅದೇ ಪ್ರಶ್ನೆಪತ್ರಿಕೆ ಮರಳಿ ಬಂದರೆ ಅಥವಾ ತರಬೇತಿ ದೊರೆತರೆ ಲಾಭ ಇನ್ನೂ ಹೆಚ್ಚು.

ಉಳಿದ 4 ಅಂಕಗಳ ಗತಿಯೇನು? ಪರೀಕ್ಷೆಯ ವಿಶ್ವಾಸಾರ್ಹತೆ 0.90 ಇದ್ದರೂ, ಸಾಮರ್ಥ್ಯ ಕಿಂಚಿತ್ತೂ ಬದಲಾಗದೆ ಎರಡು ಅಂಕಗಳ ನಡುವೆ 13ರವರೆಗೆ ಅಂತರ ಬರುವುದು ಸಹಜ. ಅಂದರೆ, ಯುವಕ ಮೊದಲ ಬಾರಿ ಅನರ್ಹನಾದದ್ದು ಅವನ ಅಸಾಮರ್ಥ್ಯಕ್ಕೆ ಸಾಕ್ಷಿಯಲ್ಲ. ಎರಡನೆಯ ಬಾರಿ ಅರ್ಹನಾದದ್ದು ಬೆಳವಣಿಗೆಗೂ ಸಾಕ್ಷಿಯಲ್ಲ.

ಧಾರವಾಡದ ಪಾಠ

ಯಾವುದೇ ಅಂಕಕ್ಕೆ ಅರ್ಥ ಬರುವುದು ಹೋಲಿಕೆಯಿಂದ. ಧಾರವಾಡದ ವಿ.ವಿ. ಕಾಮತ್ ಅವರು ಫ್ರಾನ್ಸಿನ ಬಿನೆ ಪರೀಕ್ಷೆಯನ್ನು ಕನ್ನಡ ಹಾಗೂ ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದ್ದು ಇದೇ ಕಾರಣಕ್ಕೆ. ಪರದೇಶದ ಮಕ್ಕಳ ಅಳತೆಗೋಲು ಇಲ್ಲಿನವರಿಗೆ ಸಲ್ಲದು. ಹಾಗೆಯೇ, ಮೊದಲ ಬಾರಿ ಬರೆದವರ ಅಂಕಗಳಿಂದ ರೂಪಿಸಿದ ಕೋಷ್ಟಕ ಮೂರನೆಯ ಬಾರಿ ಬರೆಯುವವರಿಗೆ ನೇರವಾಗಿ ಅನ್ವಯಿಸದು.

ಪರಿಹಾರವಿಲ್ಲದಿಲ್ಲ. ಮೂರು ಅಥವಾ ಹೆಚ್ಚು ಬಾರಿಯ ಅಂಕಗಳು ಲಭ್ಯವಿದ್ದರೆ, ಬಹುಸ್ತರ ಮಾದರಿಗಳು ಪ್ರತಿ ಅಭ್ಯರ್ಥಿಯ ಆರಂಭಿಕ ಮಟ್ಟ ಮತ್ತು ಏರಿಕೆಯ ವೇಗವನ್ನು ಪ್ರತ್ಯೇಕವಾಗಿ ಅಂದಾಜಿಸಬಲ್ಲವು. ಆದರೆ ಏರಿಕೆ ರೂಢಿಯಿಂದಲೋ ಬೆಳವಣಿಗೆಯಿಂದಲೋ ಎಂದು ತಿಳಿಯಲು ಹೋಲಿಕೆಗೆ ಮತ್ತೊಂದು ಗುಂಪು ಬೇಕು. ಪ್ರತಿ ಬಾರಿ ಸಮಾನ ಕಠಿಣತೆಯ ಬೇರೆ ಪ್ರಶ್ನೆಪತ್ರಿಕೆಯನ್ನೂ ಬಳಸಬೇಕು.

ಅಲ್ಲಿಯವರೆಗೆ, ಗಡಿರೇಖೆಯ ಆಚೀಚೆ ನಾಲ್ಕೈದು ಅಂಕಗಳ ಅಂತರದಲ್ಲಿರುವವರನ್ನು ಕೇವಲ ಅಂಕ ನೋಡಿ ಕೈಬಿಡದೆ, ಕೆಲಸವನ್ನೇ ಮಾಡಿಸಿ ನೋಡುವುದು ಉದ್ಯೋಗದಾತರಿಗೂ ಲಾಭ, ಅಭ್ಯರ್ಥಿಗಳಿಗೂ ನ್ಯಾಯ.